ಮಳೆ ಅಳೆಯುವ ಕೆಲಸ

ಮಲೆನಾಡಿನ ಮಕ್ಕಳಿಗೆ ಜುಲೈ ಬಂತೆಂದರೆ ರಜೆಯ ಆಸೆ. ರಾತ್ರಿಯಿಡೀ ಮಳೆ ಹೊಡೆದರೆ ಬೆಳಗಾಗುವಷ್ಟರಲ್ಲಿ ‘ಡಿಸಿ ರಜೆ ಕೊಟ್ಟರಂತೆ’ ಎಂಬ ಸುದ್ದಿ ವಾಟ್ಸಾಪಿನಲ್ಲಿ ಮನೆಮನೆ ತಿರುಗುತ್ತದೆ. ಆರನೇ ಕ್ಲಾಸಿನ ನನ್ನ ಮಗಳೂ ಅದಕ್ಕೇ ಕಾಯುವವಳು. ರಜೆ ಇಲ್ಲದ ದಿನ ಅವಳಿಗೆ ಹೊಟ್ಟೆನೋವು. ಶಾಲೆಯ ಹೊತ್ತು ಮೀರಿದರೆ ಅದು ತಾನಾಗಿಯೇ ಮಾಯ. ದಶಮಾಂಶದ ಪಾಠ ಶುರುವಾದ ಮೇಲಂತೂ ಗಣಿತದ ಪುಸ್ತಕ ಚೀಲದ ತಳದಿಂದ ಮೇಲೆ ಬರುತ್ತಿರಲಿಲ್ಲ.

ಅಂಥವಳು ಈ ಸಲ ರಜೆ ಸಿಕ್ಕ ದಿನ ಅತ್ತಳು.

ಕಾರಣ ಒಂದು ಬಾಟಲಿ. ಜೂನ್‌ನಲ್ಲಿ ವಿಜ್ಞಾನದ ಮೇಷ್ಟ್ರು ಶಾಲೆಯ ಅಂಗಳದಲ್ಲಿ ಮಳೆಮಾಪಕ ಇಟ್ಟರು. ದೊಡ್ಡ ಸಲಕರಣೆಯೇನಲ್ಲ. ನೇರ ಬದಿಯ ಪ್ಲಾಸ್ಟಿಕ್ ಬಾಟಲಿಯ ಕತ್ತು ಕೊಯ್ದು, ಅದನ್ನೇ ತಲೆಕೆಳಗಾಗಿ ಬಾಯಿಗೆ ಕೂರಿಸಿದ್ದು. ತಳದ ಉಬ್ಬುತಗ್ಗು ಮುಚ್ಚುವಷ್ಟು ಕಲ್ಲು, ಕಲ್ಲು ಮುಳುಗುವಷ್ಟು ನೀರು. ಆ ನೀರಿನ ಮಟ್ಟವೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಸ್ಕೇಲು. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ, ನಾವೂ ಆಗಲೇ ಅಳೆಯಬೇಕು ಎಂದರು ಮೇಷ್ಟ್ರು. ಅಷ್ಟು ಬೇಗ ಬರುವವರು ಯಾರು? ಎಲ್ಲರಿಗಿಂತ ಶಾಲೆಗೆ ಹತ್ತಿರ ಇರುವುದು ನಮ್ಮ ಮನೆ. ಕೆಲಸ ನನ್ನ ಮಗಳಿಗೆ ಬಂತು. ಜಾಣೆ ಎಂದಲ್ಲ, ಹತ್ತಿರದವಳು ಎಂದು. ಆದರೆ ಅವಳ ಹೆಸರು ಹಿಡಿದು ಶಾಲೆ ಒಂದು ಕೆಲಸ ಕೊಟ್ಟದ್ದು ಅದೇ ಮೊದಲು.

ನಮ್ಮ ಮಾವನವರು ಅಡಿಕೆ ತೋಟದವರು. ಆರಿದ್ರಾ ಎಷ್ಟು ಹೊಯ್ಯಿತು, ಪುನರ್ವಸು ಎಷ್ಟು ಎಂದು ಡೈರಿಯಲ್ಲಿ ಬರೆದಿಡುವ ರೂಢಿ ಅವರದು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಹೊತ್ತು ನೋಡುವವರಿಗೆ ಅದು ಬೇಕಾಗುತ್ತದೆ. ಅವರ ಲೆಕ್ಕ ಇಂಚಿನಲ್ಲಿ, ಮೊಮ್ಮಗಳದು ಮಿಲಿಮೀಟರಿನಲ್ಲಿ.

“ನಿನ್ನೆದು ಎರಡೂವರೆ ಇಂಚು ಮಗಾ” ಅಂದರು ಮಾವ.

“ನಂದು 66 ಬಂತು ಅಜ್ಜ.”

ಒಂದು ಇಂಚಿಗೆ 25.4 ಮಿಲಿಮೀಟರ್ ಎಂದು ಮೇಷ್ಟ್ರು ಹೇಳಿದ್ದರಂತೆ. ಹಳೇ ಕ್ಯಾಲೆಂಡರಿನ ಹಿಂದೆ ಗುಣಿಸಿದಳು, ಹೊಡೆದು ಹಾಕಿದಳು, ಮತ್ತೆ ಗುಣಿಸಿದಳು. 63.5 ಬಂತು. “ಅಜ್ಜ, ಇನ್ನು ಎರಡೂವರೆ ಮಿಲಿಮೀಟರ್ ಎಲ್ಲಿ ಹೋಯ್ತು?” ಎಂದು ಜಗಳಕ್ಕೇ ನಿಂತಳು. ಬಿಂದು ಎಲ್ಲಿ ಇಡಬೇಕೆಂದು ಅವಳು ಯಾರನ್ನೂ ಕೇಳಲಿಲ್ಲ. ನಾನು ದೋಸೆ ಮಗುಚುವುದನ್ನೂ ಮರೆತು ನೋಡುತ್ತಿದ್ದೆ.

ಆ ರಜೆಯ ದಿನ ದಾರಿಗೆ ಮರ ಬಿದ್ದಿತ್ತು. ಗಾಳಿಯೂ ಜೋರು. ನಾನು ಹೊರಗೆ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಹೋದಾಗ ಬಾಟಲಿಯಲ್ಲಿ ಎರಡು ದಿನದ ನೀರು. “ಅರ್ಧ ಅರ್ಧ ಮಾಡಿ ಬರಿ” ಅಂದಳಂತೆ ಗೆಳತಿ. ತನ್ನ ಡೈರಿಯ ಲೆಕ್ಕ ಕೊಡುತ್ತೇನೆಂದರು ಅಜ್ಜ. ಇವಳು ಎರಡನ್ನೂ ಒಪ್ಪಲಿಲ್ಲ. ರಜೆಯ ದಿನದ ಮನೆಯಲ್ಲಿ ಒಂದು ಅಡ್ಡಗೆರೆ ಎಳೆದು, ಮರುದಿನದ ಅಂಕಿಯ ಪಕ್ಕ ‘ಎರಡು ದಿನದ್ದು ಸೇರಿ’ ಎಂದು ಬರೆದಿದ್ದಳು. ಸೊನ್ನೆ ಯಾಕೆ ಹಾಕಲಿಲ್ಲ ಎಂದು ಕೇಳಿದೆ.

“ಸೊನ್ನೆ ಹಾಕಿದ್ರೆ ಮಳೆ ಬರ್ಲಿಲ್ಲ ಅಂತ ಆಗುತ್ತಲ್ಲ ಅಮ್ಮ. ಮಳೆ ಬಂತು. ನಾವು ಅಳೀಲಿಲ್ಲ.”

ಮಕ್ಕಳನ್ನು ಓದಿಗೆ ಹಚ್ಚಲು ಸೈಕಲ್ಲು, ಮೊಬೈಲಿನ ಆಸೆ ತೋರಿಸುವುದು ನಮ್ಮ ಕಡೆಯೂ ಉಂಟು. ಆ ಆಸೆ ವಸ್ತು ಕೈಗೆ ಬಂದ ದಿನವೇ ಮುಗಿಯುತ್ತದೆ. ಇವಳಿಗೆ ಸಿಕ್ಕಿದ್ದು ಬಹುಮಾನವಲ್ಲ; ತಾನು ಹೋಗದಿದ್ದರೆ ಪುಸ್ತಕದಲ್ಲಿ ಒಂದು ಮನೆ ಖಾಲಿ ಬೀಳುತ್ತದೆ ಎಂಬ ತಿಳಿವಳಿಕೆ. ತಾನಿಲ್ಲದೆಯೂ ಶಾಲೆ ನಡೆಯುತ್ತದೆ ಎಂದುಕೊಂಡಿದ್ದ ಮಗುವಿಗೆ ಅದು ಸಣ್ಣ ಸಂಗತಿಯಲ್ಲ.

ಮೊನ್ನೆಯ ಕಿರುಪರೀಕ್ಷೆಯಲ್ಲಿ ಗಣಿತಕ್ಕೆ 25ಕ್ಕೆ 14. ಪಕ್ಕದ ಮನೆಯವರು ಟ್ಯೂಷನ್ನಿಗೆ ಹಾಕಿ ಅನ್ನುತ್ತಿದ್ದಾರೆ. ನನಗೆ ಅವಸರವಿಲ್ಲ. ಉತ್ತರಪತ್ರಿಕೆಯನ್ನು ಅವಳು ಚೀಲದ ತಳದಲ್ಲಿ ಅಡಗಿಸದೆ ತಾನೇ ತಂದು ತೋರಿಸಿದಳು, ಎಲ್ಲೆಲ್ಲಿ ತಪ್ಪಿತೆಂದೂ ಹೇಳಿದಳು.

ಈಗ ನವೆಂಬರ್. ಆಕಾಶ ಶುಭ್ರವಾಗಿದೆ, ಅಂಗಳದಲ್ಲಿ ಅಡಿಕೆ ಒಣಗುತ್ತಿದೆ. ಮಳೆಯಿಲ್ಲವಲ್ಲ, ಇನ್ನು ಸ್ವಲ್ಪ ಹೊತ್ತು ಮಲಗು ಎಂದರೆ ಕೇಳುವುದಿಲ್ಲ. ಎಂಟೂಕಾಲಕ್ಕೆ ಚಪ್ಪಲಿ ಮೆಟ್ಟಿ ನಿಂತಿರುತ್ತಾಳೆ.

“ಸೊನ್ನೆ ಬರೆಯೋಕೂ ನೋಡ್ಲೇಬೇಕಲ್ಲ ಅಮ್ಮ.”