ಕೇಶಿರಾಜನ ಕ್ರಿಯಾಸಮಾಸವೂ ಬಂಗಾರಪೇಟೆಯ ಇಂಗ್ಲಿಷ್ ಪಾಠವೂ

ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್‌ನ ಹೆಸರನ್ನು ಹೊತ್ತಿದ್ದ ಊರು, ನೆರೆಯ ಚಿನ್ನದ ಗಣಿಗೆ ಒಪ್ಪುವ ಹೆಸರನ್ನು ಮುಂದೆ ಪಡೆಯಿತು. ಹೀಗೆ ಹೆಸರು ಬದಲಾದರೂ ಇಂಗ್ಲಿಷ್ ಊರನ್ನು ಬಿಟ್ಟುಹೋಗಲಿಲ್ಲ. ಇಲ್ಲಿನ ವಿದ್ಯಾರ್ಥಿ ಇಂದಿಗೂ ಅದರ ವಾಕ್ಯರಚನೆಯೊಡನೆ ಹೆಣಗುತ್ತಿದ್ದಾನೆ.

ಈ ಗಡಿಸೀಮೆಯ ಮಕ್ಕಳಿಗೆ ಹಲವು ನುಡಿಗಳ ಬಳಕೆ ಹೊಸದಲ್ಲ. ಮನೆಯಲ್ಲಿ ತೆಲುಗೋ ತಮಿಳೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು ಕಿವಿಗೆ ಬೀಳುತ್ತವೆ. ಈ ನಾಲ್ಕರಲ್ಲಿಯೂ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ಬರುತ್ತದೆ. ಕ್ರಿಯಾಪದವನ್ನು ಕರ್ತೃವಿಗೂ ಕರ್ಮಕ್ಕೂ ನಡುವೆ ಇರಿಸುವ ಮೊದಲ ನುಡಿಯಾಗಿ ಈ ಮಕ್ಕಳಿಗೆ ಎದುರಾಗುವುದು ಇಂಗ್ಲಿಷ್. ನಾಲ್ಕು ನುಡಿಗಳು ಒಕ್ಕೊರಲಿನಿಂದ ಕಲಿಸಿದ ಅಭ್ಯಾಸವನ್ನು ಐದನೆಯದು ಒಮ್ಮೆಗೇ ಮುರಿಯುತ್ತದೆ.

'ನಾಯಿ ಬೆಕ್ಕನ್ನು ಕಚ್ಚಿತು' ಎಂದರೂ 'ಬೆಕ್ಕನ್ನು ನಾಯಿ ಕಚ್ಚಿತು' ಎಂದರೂ ಕನ್ನಡದಲ್ಲಿ ಕಚ್ಚಿದ್ದು ನಾಯಿಯೇ. ದ್ವಿತೀಯಾ ವಿಭಕ್ತಿಯ ಪ್ರತ್ಯಯ ಬೆಕ್ಕನ್ನು ಗುರುತಿಸಿಬಿಟ್ಟಿದೆ. ಇಂಗ್ಲಿಷಿನಲ್ಲಿ ಆ ಎರಡು ನಾಮಪದಗಳ ಸ್ಥಾನ ಬದಲಿಸಿದರೆ ಬೆಕ್ಕೇ ನಾಯಿಯನ್ನು ಕಚ್ಚುತ್ತದೆ. ಪ್ರಾಚೀನ ಇಂಗ್ಲಿಷಿಗೂ ವಿಭಕ್ತಿಗಳಿದ್ದವು. ಅವು ಕ್ರಮೇಣ ಸವೆದುಹೋದಂತೆ, ಪ್ರತ್ಯಯ ಮಾಡುತ್ತಿದ್ದ ಕೆಲಸವನ್ನು ಪದದ ಸ್ಥಾನವೇ ವಹಿಸಿಕೊಂಡಿತು. ಈ ಒಂದು ಚಾರಿತ್ರಿಕ ಸಂಗತಿಯನ್ನು ತರಗತಿಯಲ್ಲಿ ಹೇಳಿದರೆ, ಕಂಠಪಾಠದ ನಿಯಮಕ್ಕೆ ಕಾರಣವೊಂದು ದೊರಕುತ್ತದೆ.

ಇನ್ನೊಂದು ತೊಡಕು ಧಾತುವಿನೊಡನೆ 'ಅಪ್', 'ಡೌನ್', 'ಆಫ್' ಮೊದಲಾದ ಕಿರುಪದಗಳು ಸೇರಿ ಆಗುವ ಕ್ರಿಯೆಗಳದು. ಗಣಿಯ ಕೇಜ್ ಆಳಕ್ಕಿಳಿದಾಗ 'ಗೋ ಡೌನ್', ಮೇಲೆ ಬಂದಾಗ 'ಕಮ್ ಅಪ್' ಎಂಬಲ್ಲಿ ಅರ್ಥ ಕಣ್ಣಿಗೇ ಕಾಣುತ್ತದೆ. ಆದರೆ 'ಗಿವ್ ಅಪ್' ಎಂದರೆ ಬಿಟ್ಟುಬಿಡುವುದೇಕೆ? 'ಲೆಟ್ ಡೌನ್' ಎಂದರೆ ನಂಬಿಸಿ ನಿರಾಶೆಗೊಳಿಸುವುದೇಕೆ? ಬಿಡಿಪದಗಳ ಅರ್ಥವನ್ನು ಕೂಡಿಸಿದರೆ ಉತ್ತರ ಸಿಗದು.

ಇಲ್ಲಿ ನೆರವಿಗೆ ಬರುವವನು ಹದಿಮೂರನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜ. ಶಬ್ದಮಣಿದರ್ಪಣದ ಸಮಾಸ ಪ್ರಕರಣದಲ್ಲಿ, ಸಂಸ್ಕೃತದ ಮಾದರಿಯೊಳಗೇ ನಿಲ್ಲದೆ, ಕನ್ನಡಕ್ಕೆ ವಿಶಿಷ್ಟವಾದ ಕ್ರಿಯಾಸಮಾಸವನ್ನು ಅವನು ಗುರುತಿಸಿದ. ನಾಮಪದ ಮುಂದೆ ನಿಂತು ಕ್ರಿಯೆಯೊಡನೆ ಬೆಸೆದುಕೊಳ್ಳುವ ರೂಪವದು. ಇಂದಿನ ಮಾತಿನ 'ಕೈಬಿಡು', 'ಕೈಕೊಡು', 'ತಲೆದೂಗು', 'ಬಾಯಿಬಿಡು' ಇವೆಲ್ಲ ಆ ಜಾತಿಯವೇ. 'ಸ್ನೇಹಿತ ಕೈಕೊಟ್ಟ' ಎನ್ನುವ ವಿದ್ಯಾರ್ಥಿ ಅಲ್ಲಿ ಯಾವ ಕೈ, ಯಾರಿಗೆ ಕೊಟ್ಟದ್ದು ಎಂದು ಕೇಳುವುದಿಲ್ಲ. 'ಲೆಟ್ ಡೌನ್' ಎಂಬುದರ ಮುಂದೆ ತಡವರಿಸುವವನೂ ಅವನೇ.

ಎರಡೂ ಒಂದೇ ಅಲ್ಲ. ಕನ್ನಡದಲ್ಲಿ ಬೆಸೆದುಕೊಂಡ ಪದ ಕ್ರಿಯೆಯ ಹಿಂದೆ ಭದ್ರವಾಗಿ ಕೂರುತ್ತದೆ. ಇಂಗ್ಲಿಷಿನ ಕಿರುಪದ ಕ್ರಿಯೆಯ ನಂತರ ಬರುತ್ತದೆ, ಹಲವೆಡೆ ಕಳಚಿಕೊಂಡು ದೂರವೂ ಸರಿಯುತ್ತದೆ. 'ಟರ್ನ್ ಆಫ್ ದ ಲೈಟ್', 'ಟರ್ನ್ ದ ಲೈಟ್ ಆಫ್' ಎರಡೂ ಸಾಧು. ಕರ್ಮದ ಸ್ಥಾನದಲ್ಲಿ ಸರ್ವನಾಮ ಬಂದರೆ 'ಟರ್ನ್ ಇಟ್ ಆಫ್' ಎಂಬುದಷ್ಟೇ ಸಾಧು. ಹೋಲಿಕೆಯನ್ನು ಮೊದಲು ತೋರಿಸಿ ಅನಂತರ ಭೇದವನ್ನು ವಿವರಿಸಿದರೆ, ಕಲಿಯುವವನಿಗೆ ಕಾಲೂರಲು ನೆಲ ಸಿಗುತ್ತದೆ.

ಇದು ಕೇವಲ ವ್ಯಾಕರಣದ ಚರ್ಚೆಯಲ್ಲ. 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದವು. 'ಶಟ್ ಡೌನ್' ಎಂಬ ಎರಡು ಪದಗಳ ಅರ್ಥವನ್ನು ಈ ಸೀಮೆ ಪುಸ್ತಕದಿಂದ ಕಲಿಯಲಿಲ್ಲ. ಅಂದಿನಿಂದ ಮಾರಿಕುಪ್ಪಂ, ಬಂಗಾರಪೇಟೆಗಳ ರೈಲುಗಳು ದಿನವೂ ದುಡಿಮೆಗಾಗಿ ಬೆಂಗಳೂರಿಗೆ ಹೊರಡುವವರಿಂದ ತುಂಬುತ್ತವೆ. ಅಲ್ಲಿನ ಸಂದರ್ಶನದಲ್ಲಿ ಕ್ರಿಯಾಪದ ತುಸು ಹಿಂದುಮುಂದಾದರೆ, ನಾಲ್ಕು ನುಡಿ ಬಲ್ಲವನೂ ದಡ್ಡನೆನಿಸಿಕೊಳ್ಳುತ್ತಾನೆ.

ಆ ತಪ್ಪಿನ ಹಿಂದೆ ಇರುವುದು ಬುದ್ಧಿಯ ಕೊರತೆಯಲ್ಲ, ಇನ್ನೊಂದು ವ್ಯಾಕರಣದ ಶಿಸ್ತು. ಕ್ರಿಯೆಯನ್ನು ಕೊನೆಗಿರಿಸುವ ಆ ಶಿಸ್ತನ್ನು ಏಳುನೂರು ವರ್ಷಗಳ ಹಿಂದೆಯೇ ಗೌರವದಿಂದ ಪರಿಶೀಲಿಸಿದವರಿದ್ದಾರೆ. ಇಂಗ್ಲಿಷ್ ಪಾಠ ಅದನ್ನು ಮರೆಸುವುದರಿಂದ ಆರಂಭವಾಗಬೇಕಿಲ್ಲ. ವಿದ್ಯಾರ್ಥಿ ಈಗಾಗಲೇ ಬಲ್ಲ 'ಕೈಬಿಡು' ಎಂಬಲ್ಲಿಂದ ಹೊರಟರೆ, 'ಗಿವ್ ಅಪ್' ತೀರ ದೂರದ ಊರೇನಲ್ಲ.