ಹಳೆಯ ಕಾವಲುಗಾರನ ಬೆಲೆ

ಮನೆಗೆ ಹೊಸ ತೊಲೆ ಬೇಕಾದಾಗ ಸಸಿಯನ್ನು ನೆಟ್ಟು ಬೆಳೆಸಬೇಕೋ, ಕಳಚಿದ ಹಳೆಯ ಮನೆಯೊಂದರ ಮಾಗಿದ ತೊಲೆಯನ್ನು ಕ್ರಯಕ್ಕೆ ತರಬೇಕೋ ಎಂಬ ಪ್ರಶ್ನೆ ಗೃಹಸ್ಥನಿಗೆ ಬರುವುದುಂಟು. ಸಸಿಯು ಮರವಾದೀತೆಂಬುದು ದೈವಾಧೀನ. ತೊಲೆಯ ಗಾತ್ರವಾದರೋ ಕಣ್ಣಿಗೆ ಕಾಣುವುದು; ಆದರೆ ಅದರೊಳಗೆ ಗೆದ್ದಲು ಎಷ್ಟು ದೂರ ಹೋಗಿದೆಯೆಂಬುದು ಕಾಣದು. ಅಮೆರಿಕಾ ದೇಶದ ಫುಟ್‌ಬಾಲ್ ತಂಡಗಳ ಯಜಮಾನರಿಗೆ ಪ್ರತಿವರ್ಷವೂ ಶರತ್ಕಾಲದಲ್ಲಿ ಇದೇ ಚಿಂತೆ. ಅನ್ಯ ತಂಡದಲ್ಲಿ ಬಹುಕಾಲ ಹೋರಾಡಿ ಹೆಸರು ಗಳಿಸಿ, ಈಗ ಮೂವತ್ತರ ಹತ್ತಿರ ಬಂದ ಅಥವಾ ಅದನ್ನು ದಾಟಿದ ರಕ್ಷಣಪಟುವೊಬ್ಬನನ್ನು ವಿನಿಮಯದಿಂದ ತಂದುಕೊಳ್ಳುವುದು ವಿಹಿತವೇ, ಅಲ್ಲವೇ? ಇದು ಕೇವಲ ಆಟದ ಮಾತೆಂದು ತಳ್ಳಿಬಿಡತಕ್ಕದ್ದಲ್ಲ. ಪರಿಣತಿಗೆ ಎಷ್ಟು ಬೆಲೆ, ಮುಪ್ಪಿಗೆ ಎಷ್ಟು ಕಡಿತ ಎಂಬ ಲೆಕ್ಕವನ್ನು ಇಷ್ಟು ನಿಸ್ಸಂಕೋಚವಾಗಿ ಹಾಕುವ ಸ್ಥಳಗಳು ಲೋಕದಲ್ಲಿ ವಿರಳ.

ಆ ದೇಶದ ಫುಟ್‌ಬಾಲಿಗೆ ಕಾಲ್ಚೆಂಡೆಂದು ಹೆಸರಾದರೂ ಚೆಂಡು ಬಹುಮಟ್ಟಿಗೆ ಕೈಯಲ್ಲಿಯೇ ಸಂಚರಿಸುವುದು. ಒಂದೊಂದು ಪಕ್ಷದಲ್ಲಿ 11 ಮಂದಿ. ಚೆಂಡನ್ನು ಪಡೆದ ಪಕ್ಷವು ನಾಲ್ಕು ಯತ್ನಗಳೊಳಗಾಗಿ ಹತ್ತು ಗಜ ಮುಂದೆ ಸಾಗಬೇಕು. ಸಾಗದಿದ್ದರೆ ಚೆಂಡು ಎದುರಾಳಿಗಳ ಪಾಲು. ಆಕ್ರಮಣಕ್ಕೆ ಒಂದು ಪಡೆ, ರಕ್ಷಣೆಗೆ ಮತ್ತೊಂದು ಪಡೆ. ಆಕ್ರಮಣದ ಸೂತ್ರಧಾರನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಆತನು ಚೆಂಡನ್ನು ಎಸೆಯುವ ಮುನ್ನವೇ ಆತನನ್ನು ಹಿಡಿದು ನೆಲಕ್ಕೆ ಕೆಡಹುವುದು ರಕ್ಷಣಪಡೆಯವರ ದೊಡ್ಡ ಸಾಹಸ. ಇದನ್ನು ಸ್ಯಾಕ್ ಎನ್ನುವರು. ಎರಡು ಮೂರು ಕ್ಷಣಗಳಲ್ಲಿ ಮುಗಿಯುವ ಈ ಕಾರ್ಯಕ್ಕೆ ವೇಗವೂ ಬೇಕು, ದೇಹಬಲವೂ ಬೇಕು, ಎದುರಾಳಿಯ ಹೆಜ್ಜೆ ಯಾವ ಕಡೆಗೆ ಬೀಳುವುದೆಂದು ಮೊದಲೇ ಅರಿಯುವ ಬುದ್ಧಿಯೂ ಬೇಕು. ಮೊದಲಿನ ಎರಡು ಯೌವನದ ಸೊತ್ತು. ಮೂರನೆಯದು ವಯಸ್ಸಿನೊಡನೆ ಬರತಕ್ಕದ್ದು. ಮೂರೂ ಒಬ್ಬನಲ್ಲಿ ಕೂಡಿರುವ ಕಾಲ ಬಹು ಸ್ವಲ್ಪ.

ವಿನಿಮಯದ ಕ್ರಮವನ್ನೂ ಇಲ್ಲಿಯೇ ತಿಳಿದಿರುವುದು ಒಳ್ಳೆಯದು. ಈ ಆಟದ ಮಹಾಸಂಘದಲ್ಲಿ ಈಗ 32 ತಂಡಗಳಿವೆ. ಕಾಲೇಜುಗಳಿಂದ ಬರುವ ತರುಣರನ್ನು ಅವು ವರ್ಷಕ್ಕೊಮ್ಮೆ ಸರದಿಯಂತೆ ಆರಿಸಿಕೊಳ್ಳುವುವು. 1936ರಲ್ಲಿ ಆರಂಭವಾದ ಈ ಪದ್ಧತಿಗೆ ಡ್ರಾಫ್ಟ್ ಎಂದು ಹೆಸರು. ಈಗ ಏಳು ಸುತ್ತುಗಳು ನಡೆಯುತ್ತವೆ. ಹಿಂದಿನ ಋತುವಿನಲ್ಲಿ ತೀರ ಸೋತ ತಂಡಕ್ಕೆ ಮೊದಲ ಸರದಿ, ವಿಜೇತರಿಗೆ ಕಡೆಯ ಸರದಿ. ಈ ಸರದಿಯ ಹಕ್ಕನ್ನೇ ನಾಣ್ಯದಂತೆ ಚಲಾಯಿಸಬಹುದು. ಆದುದರಿಂದ ಹಳಬನೊಬ್ಬನನ್ನು ಕೊಳ್ಳುವ ತಂಡವು ಕೊಡುವುದು ಇನ್ನೂ ಹೆಸರೇ ತಿಳಿಯದ ತರುಣನೊಬ್ಬನನ್ನು. ಇದರ ಮೇಲೆ, 1994ರಿಂದ ಪ್ರತಿ ತಂಡದ ವೇತನದ ಮೊತ್ತಕ್ಕೂ ಮೇಲ್ಮಿತಿಯನ್ನು ಗೊತ್ತುಮಾಡಲಾಗಿದೆ. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಮೆಯಾಗಲೇಬೇಕು.

ಹೀಗಿರಲು, ಕೊಳ್ಳಬಾರದೆಂಬ ಪಕ್ಷದವರ ವಾದ ಸುಲಭವಾಗಿ ಕಾಣುತ್ತದೆ. ಹಳಬನ ಕೀರ್ತಿ ಹಿಂದಿನ ವರ್ಷಗಳದು, ಕೊಡುವ ಹಣ ಮುಂದಿನ ವರ್ಷಗಳದು. ಕಳೆದುಹೋದ ಮಳೆಗೆ ಈಗ ಕಂದಾಯ ಕಟ್ಟುವವರುಂಟೇ ಎಂದು ಅವರು ಕೇಳುವರು. ಕೊಳ್ಳಬೇಕೆಂಬ ಪಕ್ಷದವರು ಹೇಳುವುದೂ ನಿಸ್ಸಾರವಲ್ಲ. ಆರಿಸಿದ ತರುಣರೆಲ್ಲರೂ ವೀರರಾಗುವುದಿಲ್ಲ. ಅನೇಕರು ಹೆಸರಿಲ್ಲದೆ ಹೋಗುತ್ತಾರೆ. ಪರೀಕ್ಷಿತವಾದುದನ್ನು ಬಿಟ್ಟು ಅಪರೀಕ್ಷಿತವಾದುದನ್ನು ನಂಬುವುದು ಯಾವ ಜಾಣತನ ಎಂಬುದು ಇವರ ಪ್ರಶ್ನೆ. ಎರಡು ವಾದಗಳೂ ಆಟಗಾರನನ್ನು ನೋಡಿಯೇ ತೀರ್ಮಾನಕ್ಕೆ ಬರುತ್ತವೆ. ನಡೆದುಹೋದ ಸಂಗತಿಗಳಾದರೋ ನೋಡಬೇಕಾದದ್ದು ಬೇರೆ ಕಡೆಯೆಂದು ತೋರಿಸುತ್ತವೆ.

ರಿಚರ್ಡ್ ಸೀಮೋರ್ ಎಂಬಾತನು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ರಕ್ಷಣೆಯ ಮುಂಚೂಣಿಯಲ್ಲಿ ನಿಂತು ಮೂರು ಬಾರಿ ಸೂಪರ್ ಬೌಲ್ ವಿಜಯವನ್ನು, ಎಂದರೆ ಆ ಆಟದ ಪರಮ ಪ್ರಶಸ್ತಿಯನ್ನು, ಕಂಡವನು. 2009ರ ಸೆಪ್ಟೆಂಬರ್ ತಿಂಗಳಲ್ಲಿ, ಆತನಿಗೆ 29 ವರ್ಷ ನಡೆಯುತ್ತಿದ್ದಾಗ, ಆ ತಂಡವು ಆತನನ್ನು ಓಕ್ಲಂಡ್ ರೇಡರ್ಸ್ ತಂಡಕ್ಕೆ ಕೊಟ್ಟು, 2011ರ ಡ್ರಾಫ್ಟಿನ ಮೊದಲ ಸುತ್ತಿನ ಹಕ್ಕೊಂದನ್ನು ಪಡೆಯಿತು. ಓಕ್ಲಂಡಿನಲ್ಲಿ ಸೀಮೋರನು ಕುಗ್ಗಿದನೆಂದು ಯಾರೂ ಹೇಳಲಾರರು. 2010 ಮತ್ತು 2011ರಲ್ಲಿ ಮಹಾಸಂಘದ ಶ್ರೇಷ್ಠ ಆಟಗಾರರ ಪಂಕ್ತಿಗೆ ಮತ್ತೆ ಸೇರಿದನು. ಆದರೆ ಆತನಿದ್ದ ನಾಲ್ಕು ಋತುಗಳಲ್ಲಿ ಓಕ್ಲಂಡ್ ತಂಡವು ಒಮ್ಮೆಯೂ ಅಂತಿಮ ಹಂತದ ಪಂದ್ಯಗಳಿಗೆ ಅರ್ಹವಾಗಲಿಲ್ಲ. ಇತ್ತ ಪೇಟ್ರಿಯಟ್ಸ್ ತಂಡದವರು ದೊರೆತ ಹಕ್ಕಿನಿಂದ 17ನೆಯವನಾಗಿ ನೇಟ್ ಸೋಲ್ಡರ್ ಎಂಬ ತರುಣನನ್ನು ಆರಿಸಿಕೊಂಡರು. ಆತನು ಅನೇಕ ವರ್ಷ ಅವರ ಕ್ವಾರ್ಟರ್‌ಬ್ಯಾಕನ ಎಡಪಾರ್ಶ್ವವನ್ನು ಕಾಯ್ದನು. ಕೊಂಡ ವಸ್ತುವಿನಲ್ಲಿ ದೋಷವಿರಲಿಲ್ಲ. ಅದನ್ನು ಇಡಲು ಕೊಂಡವರ ಮನೆಯಲ್ಲಿ ಗೋಡೆಗಳೇ ನಿಂತಿರಲಿಲ್ಲ. ಗೋಡೆಯಿಲ್ಲದ ಮನೆಗೆ ಗಂಧದ ಬಾಗಿಲನ್ನು ತಂದರೆ ಏನು ಪ್ರಯೋಜನ?

ಇದಕ್ಕೂ ಹಿಂದಿನದು ಜಾರ್ಜ್ ಆಲೆನ್ ಎಂಬ ಗುರುವಿನ ವೃತ್ತಾಂತ. ಆತನು 1971ರಲ್ಲಿ ವಾಷಿಂಗ್ಟನ್ ತಂಡದ ಶಿಕ್ಷಕನಾಗಿ ಬಂದವನೇ, ಲಾಸ್ ಏಂಜಲೀಸಿನಲ್ಲಿ ತನ್ನ ಕೈಕೆಳಗೆ ಆಡಿದ್ದ ಹಳಬರನ್ನು, ವಿಶೇಷವಾಗಿ ರಕ್ಷಣೆಯವರನ್ನು, ಡ್ರಾಫ್ಟಿನ ಹಕ್ಕುಗಳನ್ನು ಧಾರಾಳವಾಗಿ ಕೊಟ್ಟು ತರಿಸಿಕೊಂಡನು. ಅವರಲ್ಲೊಬ್ಬನಾದ ಜ್ಯಾಕ್ ಪಾರ್ಡಿಗೆ ಆಗಲೇ 34 ವರ್ಷ ದಾಟಿತ್ತು. ಜನರು ಆ ಪಡೆಯನ್ನು ಮುದುಕರ ಗುಂಪೆಂದು ವಿನೋದ ಮಾಡಿದರು. ಭವಿಷ್ಯವೆಂಬುದು ಈ ಹೊತ್ತೇ ಎಂಬುದು ಆಲೆನನ ಸಿದ್ಧಾಂತ. 1945ರ ತರುವಾಯ ಅಂತಿಮ ಹಂತವನ್ನೇ ಕಾಣದಿದ್ದ ವಾಷಿಂಗ್ಟನ್ ತಂಡವು ಆ ವರ್ಷವೇ ಅಲ್ಲಿಗೆ ತಲುಪಿತು. ಮರು ಋತುವಿನಲ್ಲಿ ಸೂಪರ್ ಬೌಲ್ ವರೆಗೂ ಹೋಗಿ, 1973ರ ಜನವರಿಯಲ್ಲಿ ಮಯಾಮಿ ತಂಡಕ್ಕೆ 14-7ರಿಂದ ಸೋತಿತು. ಹೊಸ ಸ್ಥಳದಲ್ಲಿ ಹಳಬರು ಇಷ್ಟು ಬೇಗ ಬೇರೂರಿದ್ದಕ್ಕೆ ಕಾರಣವುಂಟು: ಗುರುವಿನ ಪದ್ಧತಿ ಅವರಿಗೆ ಕರತಲಾಮಲಕವಾಗಿತ್ತು, ಹೊಸದಾಗಿ ಕಲಿಯಬೇಕಾದದ್ದು ಅತ್ಯಲ್ಪ. ಆದರೆ ಆಲೆನನಿದ್ದ ಏಳು ವರ್ಷಗಳಲ್ಲಿ ವಾಷಿಂಗ್ಟನ್ ತಂಡವು ಒಮ್ಮೆಯೂ ಮೊದಲ ಸುತ್ತಿನಲ್ಲಿ ತರುಣನೊಬ್ಬನನ್ನು ಆರಿಸಿಕೊಳ್ಳಲಿಲ್ಲ. ಏಳರಲ್ಲಿ ಒಂದು ಋತುವೂ ಗೆಲುವಿಗಿಂತ ಸೋಲು ಹೆಚ್ಚಾಗದಂತೆ ನಡೆಯಿತೆಂಬುದು ನಿಜ. ಪರಮ ಪ್ರಶಸ್ತಿ ಮಾತ್ರ ಕೈಗೆ ಬಾರಲಿಲ್ಲವೆಂಬುದೂ ನಿಜ. ಆತನ ಉಪಾಯವು ಮರ್ಯಾದೆಯನ್ನು ತಂದಿತು, ಮುಕುಟವನ್ನು ತರಲಿಲ್ಲ.

ಮೂರನೆಯ ನಿದರ್ಶನವು ಸಮೀಪ ಕಾಲದ್ದು. ವಾನ್ ಮಿಲ್ಲರ್ 2011ರ ಡ್ರಾಫ್ಟಿನಲ್ಲಿ ಎರಡನೆಯವನಾಗಿ ಡೆನ್ವರ್ ಬ್ರಾಂಕೋಸ್ ತಂಡವನ್ನು ಸೇರಿದವನು. 2016ರ ಫೆಬ್ರವರಿಯ ಸೂಪರ್ ಬೌಲ್ ಪಂದ್ಯದಲ್ಲಿ ಆತನೇ ಸರ್ವೋತ್ತಮನೆನಿಸಿಕೊಂಡನು. ತರುವಾಯ ಕಾಲಿನ ಗಾಯದಿಂದ 2020ರ ಋತು ಪೂರ್ತಿಯಾಗಿ ನಷ್ಟವಾಯಿತು. 2021ರ ನವೆಂಬರ್ 1ರಂದು, ಆತನಿಗೆ 32 ವರ್ಷವಾಗಿದ್ದಾಗ, ಲಾಸ್ ಏಂಜಲೀಸ್ ರಾಮ್ಸ್ ತಂಡವು 2022ರ ಎರಡನೆಯ ಮತ್ತು ಮೂರನೆಯ ಸುತ್ತುಗಳ ಹಕ್ಕುಗಳನ್ನು ಕೊಟ್ಟು ಆತನನ್ನು ತಂದುಕೊಂಡಿತು. ಆ ಋತುವಿನ ಉಳಿದ ವೇತನದ ಬಹುಭಾಗವನ್ನು ಡೆನ್ವರಿನವರೇ ಹೊತ್ತರು. ರಾಮ್ಸ್ ತಂಡವು ಆಗ ಎಂಟು ಪಂದ್ಯಗಳಲ್ಲಿ ಏಳನ್ನು ಗೆದ್ದಿತ್ತು. ಅದರ ರಕ್ಷಣೆಯ ಮಧ್ಯದಲ್ಲಿ ಆರನ್ ಡೊನಾಲ್ಡ್ ಎಂಬ ಮಹಾಬಲನಿದ್ದನು. ಆತನನ್ನು ತಡೆಯಲು ಎದುರಾಳಿಗಳು ಇಬ್ಬರನ್ನು ನಿಲ್ಲಿಸಬೇಕಾಗುತ್ತಿತ್ತು. ಆಗ ಅಂಚಿನಿಂದ ನುಗ್ಗುವವನಿಗೆ ಎದುರಾಗಿ ಒಬ್ಬನೇ ಉಳಿಯುವನು. ಒಬ್ಬನನ್ನು ಹೇಗೆ ದಾಟಬೇಕೆಂಬುದು ಮಿಲ್ಲರನು ಹತ್ತು ವರ್ಷ ಅಭ್ಯಾಸ ಮಾಡಿದ ವಿದ್ಯೆ. 2022ರ ಫೆಬ್ರವರಿ 13ರಂದು ರಾಮ್ಸ್ ತಂಡವು ಸಿನ್ಸಿನಾಟಿ ತಂಡವನ್ನು 23-20ರಿಂದ ಗೆದ್ದಿತು. ಮಿಲ್ಲರನದು ಎರಡು ಸ್ಯಾಕ್, ಡೊನಾಲ್ಡನದು ಎರಡು.

ಮೂರು ಅಂಕಗಳ ಅಂತರದ ಜಯವನ್ನು ಒಬ್ಬನ ಹೆಸರಿಗೆ ಬರೆಯುವುದು ಕಾಕತಾಲೀಯ ನ್ಯಾಯವಾಗದೇ ಎಂದು ತಾರ್ಕಿಕನು ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಕೊಂಡುದು ವಿವೇಕವೋ ಅಲ್ಲವೋ ಎಂಬುದನ್ನು ಫಲದಿಂದಲ್ಲ, ಕೊಳ್ಳುವಾಗ ತಿಳಿದಿದ್ದ ಸಂಗತಿಗಳಿಂದ ಅಳೆಯಬೇಕು. ಆ ಅಳತೆಯಿಂದಲೂ ರಾಮ್ಸ್ ತಂಡದವರು ವಿವೇಕಿಗಳೆಂದೇ ತೋರುವುದು. ಅವರ ಮನೆ ಸಿದ್ಧವಾಗಿತ್ತು, ಒಂದು ತೊಲೆ ಮಾತ್ರ ಕಡಮೆಯಾಗಿತ್ತು. ಅವರು ಕೊಂಡುದು ಮಿಲ್ಲರನ ಮುಂದಿನ ಆಯುಷ್ಯವನ್ನಲ್ಲ, ಒಂದು ಋತುವಿನ ಉಳಿದ ಭಾಗವನ್ನು.

ಇದರ ವಿಪರ್ಯಯವನ್ನೂ ಅದೇ ಮನುಷ್ಯನಲ್ಲಿ ಕಾಣಬಹುದು. 2022ರ ಮಾರ್ಚ್ ತಿಂಗಳಲ್ಲಿ ಸ್ವತಂತ್ರನಾದ ಮಿಲ್ಲರನಿಗೆ ಬಫಲೋ ಬಿಲ್ಸ್ ತಂಡವು ಆರು ವರ್ಷಗಳಿಗೆ 12 ಕೋಟಿ ಡಾಲರುಗಳವರೆಗಿನ ಕರಾರನ್ನು ಬರೆದುಕೊಟ್ಟಿತು. ಬಿಲ್ಸ್ ತಂಡದ ಮನೆಯೂ ಸಿದ್ಧವಾಗಿಯೇ ಇತ್ತು. ನವೆಂಬರಿನಲ್ಲಿ ಆತನ ಮೊಣಕಾಲು ಮುರಿದುಬಿದ್ದಂತಾಯಿತು. 2023ರ ನಿಯತ ಪಂದ್ಯಗಳಲ್ಲಿ ಒಂದು ಸ್ಯಾಕೂ ದೊರೆಯಲಿಲ್ಲ. ಮೂರು ಋತುಗಳಾದ ಮೇಲೆ, 2025ರ ಮಾರ್ಚಿನಲ್ಲಿ, ಬಿಲ್ಸ್ ತಂಡದವರು ಆತನನ್ನು ಬಿಟ್ಟುಕೊಟ್ಟರು. ಮನುಷ್ಯನು ಒಬ್ಬನೇ, ಎರಡು ಕ್ರಯಗಳ ನಡುವೆ ಕಳೆದುದು ಐದು ತಿಂಗಳಿಗೂ ಕಡಮೆ. ವ್ಯತ್ಯಾಸವಿದ್ದುದು ಅವಧಿಯಲ್ಲಿ. ಹಳೆಯ ಎತ್ತನ್ನು ಒಂದು ಸುಗ್ಗಿಗೆ ಬಾಡಿಗೆ ಹಿಡಿಯುವುದು ಬೇರೆ, ಅದರ ಮೇಲೆ ಆರು ವರ್ಷಗಳ ಬೇಸಾಯವನ್ನು ಹೂಡುವುದು ಬೇರೆ.

ಮಾರಿದವರ ಗತಿಯನ್ನೂ ಹೇಳದಿದ್ದರೆ ವಿಚಾರ ಅರ್ಧವಾದೀತು. ವಿಜೇತರ ಸರದಿ ಕಡೆಯದಾದ್ದರಿಂದ ರಾಮ್ಸ್ ತಂಡವು ಕೊಟ್ಟ ಎರಡನೆಯ ಸುತ್ತಿನ ಹಕ್ಕು 64ನೆಯದಾಯಿತು. ಆ ಹಕ್ಕಿನಿಂದ ಡೆನ್ವರಿನವರು ಆರಿಸಿದ ತರುಣ ನಿಕ್ ಬೊನಿಟೊ. ಮಿಲ್ಲರನು ನಿಲ್ಲುತ್ತಿದ್ದ ಅಂಚಿನಲ್ಲಿಯೇ ನಿಲ್ಲತಕ್ಕವನು. 2024ರ ಋತುವಿನಲ್ಲಿ ಆತನು 13.5 ಸ್ಯಾಕುಗಳನ್ನು ಗಳಿಸಿದನು. ರಾಮ್ಸ್ ತಂಡಕ್ಕಾದರೋ ವಿಜಯದ ಮರುವರ್ಷವೇ ಐದು ಗೆಲುವು, ಹನ್ನೆರಡು ಸೋಲು. ಅಷ್ಟು ಸೋತುದಕ್ಕೆ ದೊರೆಯಬೇಕಾಗಿದ್ದ ಮೊದಲ ಸುತ್ತಿನ ಹಕ್ಕನ್ನೂ, ಕ್ವಾರ್ಟರ್‌ಬ್ಯಾಕನನ್ನು ತರುವುದಕ್ಕಾಗಿ, ಅವರು ಮೊದಲೇ ಕೊಟ್ಟುಬಿಟ್ಟಿದ್ದರು. ಆದರೂ ಅವರು 2023ರಲ್ಲಿ ಮತ್ತೆ ಹತ್ತು ಪಂದ್ಯಗಳನ್ನು ಗೆದ್ದರು. ಉಳಿದ ಸಣ್ಣ ಹಕ್ಕುಗಳಿಂದಲೇ ಒಳ್ಳೆಯ ತರುಣರನ್ನು ಆರಿಸಿಕೊಳ್ಳುವ ವಿದ್ಯೆ ಅವರಿಗೆ ತಿಳಿದಿತ್ತು. ಹಾಗೆ ಆರಿಸಲಾರದವರು ಇಂಥ ಸಾಲಕ್ಕೆ ಕೈಹಾಕಬಾರದು.

ಕೌಟಿಲ್ಯನು ಸೇನೆಯನ್ನು ವಿಂಗಡಿಸುವಾಗ ವಂಶಪಾರಂಪರ್ಯವಾಗಿ ಬಂದ ಮೌಲಬಲವನ್ನು ಮೊದಲು ಹೇಳಿ, ವೇತನಕ್ಕೆ ಕರೆತಂದ ಭೃತಬಲವನ್ನು ಅದರ ತರುವಾಯ ಹೇಳುತ್ತಾನೆ. ಆ ಕ್ರಮವೇ ಇಲ್ಲಿಗೂ ಸಲ್ಲುವುದು. ತಾನೇ ಆರಿಸಿ ಬೆಳೆಸಿದವರು ತಂಡದ ಮೂಲ. ಕೊಂಡು ತಂದ ಪರಿಣತನು ಅದರ ಮೇಲಣ ಕಲಶ. ಆದುದರಿಂದ ಸಿದ್ಧಾಂತವಿಷ್ಟು: ಗೆಲುವಿನ ಸಮೀಪದಲ್ಲಿರುವ ತಂಡವು, ತನ್ನ ಬೇರನ್ನು ಕಡಿಯದಷ್ಟು ಬೆಲೆಗೆ, ಅಲ್ಪಾವಧಿಗೆ, ತನ್ನ ಪದ್ಧತಿಗೆ ಹೊಂದತಕ್ಕ ಹಳಬನನ್ನು ಕೊಳ್ಳಬಹುದು, ಕೊಳ್ಳಲೇಬೇಕು ಎಂದರೂ ತಪ್ಪಿಲ್ಲ. ಇನ್ನೂ ಅಸ್ತಿಭಾರ ಹಾಕುತ್ತಿರುವ ತಂಡವು ಕೊಳ್ಳಬಾರದು. ಅದು ಸೀಮೋರನಂಥವನಿದ್ದರೆ ಮಾರುವುದೇ ಲೇಸು. ಆಟಗಾರನ ವಯಸ್ಸು ಎಷ್ಟೆಂದು ಕೇಳುವ ಮುನ್ನ ತನ್ನ ಕಾಲ ಯಾವುದೆಂದು ತಂಡವು ಕೇಳಿಕೊಳ್ಳಬೇಕು.

ಇಷ್ಟು ಲೆಕ್ಕದ ನಡುವೆ ಒಂದು ಮಾತು ಲೆಕ್ಕಕ್ಕೆ ಸಿಕ್ಕದೆ ಉಳಿಯುತ್ತದೆ. ವಿನಿಮಯದ ವಾರ್ತೆ ಬಂದಾಗ ಸೀಮೋರನು ಕೆಲವು ದಿನಗಳ ಕಾಲ ಓಕ್ಲಂಡಿಗೆ ಹೋಗಲೇ ಇಲ್ಲ. ಮೂರು ವಿಜಯಗಳನ್ನು ತಂದುಕೊಟ್ಟ ಮನೆ ತನ್ನನ್ನು ಇನ್ನೂ ಕಾಲೇಜಿನಲ್ಲಿರುವ ತರುಣನಿಗಾಗಿ ಬಿಟ್ಟಿತೆಂದು ತಿಳಿದವನಿಗೆ ಆ ಕೆಲವು ದಿನಗಳಾದರೂ ಬೇಡವೇ? ಕೀರ್ತಿಗೆ ಮಾತ್ರ ಕುಂದಾಗಲಿಲ್ಲ. 2022ರಲ್ಲಿ ಆ ಆಟದ ಕೀರ್ತಿಮಂದಿರವು ಆತನನ್ನು ಸೇರಿಸಿಕೊಂಡಿತು. ಮುದುಕರ ಗುಂಪಿನ ಜ್ಯಾಕ್ ಪಾರ್ಡಿಯಾದರೋ, ಆಲೆನನು ಹೊರಟುಹೋದ ಮೇಲೆ, 1978ರಲ್ಲಿ ಅದೇ ವಾಷಿಂಗ್ಟನ್ ತಂಡಕ್ಕೆ ಮುಖ್ಯ ಶಿಕ್ಷಕನಾಗಿ ಬಂದನು. ಮೊಣಕಾಲಿನ ಬಲ ಕೊಂಡವರಿಗೆ ಸಲ್ಲುವುದು ಒಂದೆರಡು ಋತುಗಳು ಮಾತ್ರ. ಎದುರಾಳಿಯ ಹೆಜ್ಜೆಯನ್ನು ಮೊದಲೇ ಅರಿಯುವ ಬುದ್ಧಿಯನ್ನಾದರೋ ಇನ್ನೊಬ್ಬನಿಗೆ ಕಲಿಸಿ ಹೋಗಬಹುದು. ಹಳಬನನ್ನು ಕೊಳ್ಳುವ ತಂಡವು ಅದನ್ನೂ ಅವನಿಂದ ಕೇಳಿ ಪಡೆದರೆ, ಕೊಟ್ಟ ಬೆಲೆಯಲ್ಲಿ ಒಂದು ಪಾಲಾದರೂ ಮನೆಯಲ್ಲಿಯೇ ಉಳಿಯುವುದು.