ಹೊಳೆಯ ದಾರಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳುತ್ತಾರೆ. ಅರವತ್ತು ದಾಟುವವರೆಗೆ ನಮಗೆ ಎರಡನೆಯದು ಮಾತ್ರ ಸಾಧ್ಯವಾಗಿತ್ತು. 2023ರ ಸೆಪ್ಟೆಂಬರಿನಲ್ಲಿ, ಫ್ರಾನ್ಸಿನ ಲಿಯೋನ್ ನಗರದಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ ನಾವು ದಂಪತಿಗಳು ಹೋದಾಗ ಮೊದಲನೆಯ ಯೋಗವೂ ಕೂಡಿಬಂದಿತು. ಅಲ್ಲಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್ ದೂರದ ವೇಸೋನ್-ಲಾ-ರೋಮೇನ್ ಎಂಬ ಪುರಾತನ ಪಟ್ಟಣವನ್ನು ತೋರಿಸುವುದಾಗಿ ಮಗ ಹೇಳಿದ. ವಸತಿ ಮಾತ್ರ ಹೋಟೆಲಿನಲ್ಲಲ್ಲ, ಊರ ಹೊರಗೆ ಹೊಳೆಯ ಬದಿಯಲ್ಲಿ ಡೇರೆ ಹಾಕಿಕೊಂಡು ಎಂದಾಗ ನಾವು ಮುಖ ಮುಖ ನೋಡಿಕೊಂಡೆವು. ಆ ನಾಡಿನಲ್ಲಿ ಸ್ಥಿತಿವಂತರೂ ರಜೆಯ ದಿನಗಳನ್ನು ಹೀಗೆ ಕಳೆಯುತ್ತಾರಂತೆ. ಮಗ, ಸೊಸೆ ಸಂಭ್ರಮದಿಂದ ಗೂಟ ಬಡಿದರು. ಮೊಮ್ಮಗಳು ಡೇರೆಯೊಳಗೆ ಕುಣಿದಾಡಿದಳು. ನಾವು ಊರಿನಿಂದ ಒಯ್ದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿದೆವು.

ಎದುರಿಗಿದ್ದ ಹೊಳೆಯ ಹೆಸರು ಊವೇಜ್. ಕಲ್ಲುಗಳ ನಡುವೆ ಮೊಣಕಾಲಿಗೂ ಬಾರದಷ್ಟು ನೀರು. ನಮ್ಮ ಮನೆಯವರು ದಂಡೆಯಲ್ಲಿ ನಿಂತು ಬಹಳ ಹೊತ್ತು ನೋಡಿ, “ನೀರು ಸಣ್ಣದು, ಪಾತ್ರ ದೊಡ್ಡದೈತಿ” ಎಂದರು. ಅವರ ತವರು ಮಲಪ್ರಭೆಯ ದಂಡೆಯ ಮೇಲಿನ ಹಳ್ಳಿ. 2009ರ ಮಹಾಪೂರದಲ್ಲಿ ಆ ಮನೆಯ ಮಣ್ಣಿನ ಗೋಡೆಗಳು ಒಂದೇ ರಾತ್ರಿಯಲ್ಲಿ ಕರಗಿಹೋಗಿದ್ದವು. ಮಗ ಆಗ ಓದಿಗಾಗಿ ದೂರದ ಊರಿನಲ್ಲಿದ್ದ. ತಾಯಿಯ ಮಾತಿಗೆ ಆತ ನಕ್ಕು ಸುಮ್ಮನಾದ.

ಮೊದಲ ದಿನ ರೋಮನ್ನರ ಊರನ್ನು ನೋಡಿದೆವು. ವೊಕೊಂಟಿ ಎಂಬ ಬುಡಕಟ್ಟಿನವರ ರಾಜಧಾನಿಯಾಗಿದ್ದ ಈ ಸ್ಥಳ ರೋಮನ್ನರ ಆಳ್ವಿಕೆಯಲ್ಲಿ ಸಿರಿವಂತ ಪಟ್ಟಣವಾಗಿ ಬೆಳೆಯಿತು. ಕಾಲಾಂತರದಲ್ಲಿ ಎಲ್ಲವೂ ಮಣ್ಣಿನಡಿ ಮುಚ್ಚಿಹೋಗಿ, 1907ರಲ್ಲಿ ಜೋಸೆಫ್ ಸೋಟೆಲ್ ಎಂಬ ಪಾದ್ರಿಗಳು ಉತ್ಖನನವನ್ನು ಆರಂಭಿಸಿದರು. ಸುಮಾರು ಅರ್ಧ ಶತಮಾನದ ಕಾಲ ಅವರು ಆ ಕಾರ್ಯಕ್ಕೆ ತಮ್ಮನ್ನು ತೆತ್ತುಕೊಂಡರು. ಪ್ಯುಯ್‌ಮೇನ್ ಮತ್ತು ವಿಲಾಸ್ ಎಂಬ ಎರಡು ಬಯಲುಗಳಲ್ಲಿ ಕಲ್ಲುಹಾಸಿನ ಬೀದಿ, ಅದರ ಬದಿಯಲ್ಲಿ ಅಂಗಡಿಗಳ ಸಾಲು, ಕಂಬಗಳ ಅಂಗಳವಿರುವ ಶ್ರೀಮಂತರ ಮನೆಗಳು, ಸಾರ್ವಜನಿಕ ಶೌಚಾಲಯ, ಗುಡ್ಡದ ಇಳಿಜಾರಿನಲ್ಲಿ ಕಡೆದ ರಂಗಮಂದಿರ, ಎಲ್ಲವೂ ಇವೆ. ಚರ್ಚಿನ ಹಿಂಬದಿಯ ಅಡಿಪಾಯದಲ್ಲಿ ರೋಮನ್ ಕಂಬಗಳ ತುಂಡುಗಳು ಅಡ್ಡಡ್ಡವಾಗಿ ಮಲಗಿರುವುದನ್ನು ಸೊಸೆ ತೋರಿಸಿದಳು. ಒಂದು ಕಾಲದ ವೈಭವ ಮತ್ತೊಂದು ಕಾಲದ ತಳಪಾಯ! ಮನಸ್ಸು ತುಂಬಿ ಡೇರೆಗೆ ಮರಳಿದೆವು.

ನಡುರಾತ್ರಿ ಮಳೆ ಹಿಡಿಯಿತು. ಬಟ್ಟೆಯ ಚಾವಣಿಯ ಮೇಲೆ ಹನಿಗಳ ಸದ್ದು ಏರುತ್ತಿದ್ದಂತೆ ನಮ್ಮ ಮನೆಯವರು ಎದ್ದು ಕುಳಿತರು. “ಕೂಸನ್ನ ಎತ್ತಿಕೋ, ಮ್ಯಾಲೆ ಹೋಗೋಣ” ಎಂದರು. ಮಗ ನಿದ್ದೆಗಣ್ಣಿನಲ್ಲಿಯೇ, “ಅವ್ವಾ, ಇದು ನಿಮ್ಮ ಹೊಳಿ ಅಲ್ಲ. ಅಪಾಯ ಇದ್ದರೆ ಇಲ್ಲಿಯವರು ಮೊದಲೇ ಹೇಳತಾರ” ಎಂದು ಬೇಸರಿಸಿದ. ಸೊಸೆ ಏನೂ ಹೇಳಲಿಲ್ಲ. ಪರದೇಶದಲ್ಲಿ ಮಗನ ಅತಿಥಿಗಳಾಗಿರುವ ನಾವು ಅವನ ಮಾತನ್ನು ಮೀರುವುದು ಹೇಗೆ? ಆ ಸಂಕೋಚದಿಂದ ನಾವೂ, “ಮಲಗು, ಏನೂ ಆಗುವುದಿಲ್ಲ” ಎಂದುಬಿಟ್ಟೆವು. ಆಕೆ ನಮ್ಮನ್ನೊಮ್ಮೆ ನೋಡಿ, ಮೊಮ್ಮಗಳನ್ನು ಶಾಲಿನಲ್ಲಿ ಸುತ್ತಿಕೊಂಡು ಮಳೆಯಲ್ಲಿಯೇ ಹೊರಟರು. ಅನಿವಾರ್ಯವಾಗಿ ಎಲ್ಲರೂ ಹಿಂಬಾಲಿಸಿದೆವು. ದಿಬ್ಬದ ಮೇಲೆ ಕಾರು ನಿಲ್ಲಿಸಿಕೊಂಡು, ಯಾರೊಡನೆ ಯಾರೂ ಮಾತನಾಡದೆ ಬೆಳಗು ಮಾಡಿದೆವು. ಬೆಳಕು ಹರಿಯುವಷ್ಟರಲ್ಲಿ ಮಳೆ ನಿಂತಿತು. ಕೆಳಗೆ ನಮ್ಮ ಡೇರೆ ಇದ್ದಂತೆಯೇ ಇತ್ತು. ಹೊಳೆಯಲ್ಲಿ ನೀರು ಒಂದು ಗೇಣಿನಷ್ಟು ಏರಿರಬಹುದು. ಮಗನ ಮುಖದಲ್ಲಿ ಗೆದ್ದವನ ನಗೆ. ಅವನ ತಾಯಿ ತಲೆ ತಗ್ಗಿಸಿ ಒದ್ದೆ ಬಟ್ಟೆ ಹಿಂಡುತ್ತಿದ್ದರು.

ಆ ದಿನ ಹೊಳೆಯ ಆಚೆ ಬಂಡೆಯ ಮೇಲಿರುವ ಮಧ್ಯಯುಗದ ಊರಿಗೆ ಹೊರಟೆವು. ಅಲ್ಲಿಗೆ ಹೋಗಲು ರೋಮನ್ನರು ಕಟ್ಟಿದ ಸೇತುವೆಯನ್ನು ದಾಟಬೇಕು. ಕ್ರಿಸ್ತಶಕ ಒಂದನೆಯ ಶತಮಾನದ ಆ ಸೇತುವೆಗೆ ಸುಮಾರು 17 ಮೀಟರ್ ಅಗಲದ ಒಂದೇ ಕಮಾನು. ನೀರಿನಲ್ಲಿ ಒಂದು ಕಂಬವೂ ಇಲ್ಲ. ದಂಡೆಗಳು ಕಿರಿದಾಗುವ ಕಡೆ, ಎರಡೂ ಬದಿಯ ಬಂಡೆಗೆ ಆನಿಸಿ ಕಟ್ಟಿದ್ದಾರೆ. ಇಂದಿಗೂ ಅದರ ಮೇಲೆ ವಾಹನಗಳು ಸಂಚರಿಸುತ್ತವೆ. ದಾಟಿ ಏರಿದರೆ ಕಲ್ಲಿನ ಕಿರುದಾರಿಗಳು, ಗಡಿಯಾರದ ಗೋಪುರ, ತುದಿಯಲ್ಲಿ ಹನ್ನೆರಡನೆಯ ಶತಮಾನದ ಕೊನೆಯಲ್ಲಿ ತುಲೂಸಿನ ದೊರೆಗಳು ಕಟ್ಟಿಸಿದ ಕೋಟೆ. ಕಾಳಗದ ಭಯದಿಂದ ಜನರು ಕೆಳಗಿನ ಊರನ್ನು ಬಿಟ್ಟು ಇಲ್ಲಿಗೆ ಏರಿದರು. ಭಯ ಕಳೆದ ಮೇಲೆ, ಶತಮಾನಗಳ ನಂತರ, ಮತ್ತೆ ಹೊಳೆಯ ಬದಿಗೆ ಇಳಿದರು.

ಅಲ್ಲಿಯ ಪುಟ್ಟ ಅಂಗಡಿಯೊಂದರಲ್ಲಿದ್ದ ವೃದ್ಧೆಯೊಬ್ಬರು, ಎಲ್ಲಿ ಇಳಿದುಕೊಂಡಿದ್ದೀರಿ ಎಂದು ಕೇಳಿದರು. ಮಗ ಹೇಳಿದ. ಆಕೆ ಕ್ಷಣಕಾಲ ಸುಮ್ಮನಿದ್ದು ಹೇಳಿದ ಸಂಗತಿಯನ್ನು ಮಗ ನಮಗೆ ಕನ್ನಡದಲ್ಲಿ ತಿಳಿಸುತ್ತ ಹೋದಂತೆ ಅವನ ದನಿ ಇಳಿಯತೊಡಗಿತು. 1992ರ ಸೆಪ್ಟೆಂಬರ್ 22, ಮಂಗಳವಾರ, ಊರಿನ ಸಂತೆಯ ದಿನ. ಮೇಲಿನ ಗುಡ್ಡಗಳಲ್ಲಿ ಕೆಲವೇ ಗಂಟೆಗಳಲ್ಲಿ ಸುರಿದ ಮಳೆಗೆ ಈ ಊವೇಜ್ ಹೊಳೆ ರೋಮನ್ ಸೇತುವೆಯ ಮೇಲೆಯೇ ಹರಿಯಿತು. ದಂಡೆಯ ಮನೆಗಳನ್ನೂ, ಶಿಬಿರದಲ್ಲಿದ್ದ ಪ್ರವಾಸಿಗಳ ಗಾಡಿಮನೆಗಳನ್ನೂ ಹೊತ್ತು ತಂದು ಸೇತುವೆಗೆ ಅಪ್ಪಳಿಸಿತು. ಈ ಊರೊಂದರಲ್ಲಿಯೇ 30ಕ್ಕೂ ಹೆಚ್ಚು ಜನ ಅಸುನೀಗಿದರು. ಸೇತುವೆಯ ಬದಿಗೋಡೆ ಕೊಚ್ಚಿಹೋಯಿತು, ಕಮಾನು ನಿಂತಿತು. ಹಿಂದಿನ ದಿನ ಹೊಳೆ ಹೇಗಿತ್ತೆಂದು ಮಗ ಕೇಳಿದ. ಇವತ್ತು ಹೇಗಿದೆಯೋ ಹಾಗೆಯೇ ಎಂದು ಆಕೆ ಹೇಳಿದರು.

ಇಳಿಯುವಾಗ ಸೇತುವೆಯ ನಡುವೆ ಮಗ ನಿಂತುಬಿಟ್ಟ. ಬಹಳ ಹೊತ್ತಿನ ಮೇಲೆ, “ಅವ್ವಾ, ರಾತ್ರಿ ನಾನು ಹಂಗ ಅನ್ನಬಾರದಿತ್ತು” ಎಂದ. ಅವರು ಅವನ ಬೆನ್ನ ಮೇಲೆ ಕೈಯಿಟ್ಟು, “ಮಳಿ ನಿಂತಿತಲ್ಲಪ್ಪ, ಅಷ್ಟs ಸಾಕು” ಎಂದರು. ಕ್ಷಮೆ ಕೇಳಬೇಕಾದವರು ನಾವೂ ಹೌದು. ಹದಿನಾಲ್ಕು ವರ್ಷಗಳ ಹಿಂದೆ ಕರಗಿಹೋದ ಆ ಮನೆಯನ್ನು ಕಣ್ಣಾರೆ ಕಂಡವರು ನಾವು; ಕಂಡೂ ಮಗನ ಮೆಚ್ಚುಗೆಗಾಗಿ ಆಕೆಯ ಮಾತನ್ನು ಹಗುರ ಮಾಡಿದ್ದೆವು.

ಎರಡು ಸಾವಿರ ವರ್ಷ ನಿಂತ ಆ ಸೇತುವೆಯನ್ನು ಕಟ್ಟಿದವರು ಬೇಸಿಗೆಯ ಹೊಳೆಯನ್ನು ನೋಡಿ ಕಟ್ಟಲಿಲ್ಲ. ಅದು ಉಕ್ಕಿದಾಗ ಎಷ್ಟು ದಾರಿ ಬೇಡುತ್ತದೆಂಬುದನ್ನು ಅರಿತು, ಆ ದಾರಿಯನ್ನು ಬಿಟ್ಟುಕೊಟ್ಟು ಕಟ್ಟಿದರು. ಮನೆಯ ಹಿರಿಯರ ಅಂಜಿಕೆಯ ಹಿಂದೆಯೂ ಅಂಥದೇ ಅರಿವು ಇರುತ್ತದೆ. ಹತ್ತು ಸಲ ಆ ಅಂಜಿಕೆ ಹುಸಿಯಾದೀತು. ಹಾಗಾದಾಗ ಅವರು ತಲೆ ತಗ್ಗಿಸಿ ಬಟ್ಟೆ ಹಿಂಡುವಂತೆ ಮಾಡಬಾರದು.

ಆ ಸಂಜೆ ಗೂಟಗಳನ್ನು ಕಿತ್ತವನು ಮಗನೇ. ಯಾರೂ ಹೇಳಿರಲಿಲ್ಲ. ಡೇರೆಯನ್ನು ದಿಬ್ಬದ ಮೇಲೆ ಹಾಕಿ, ತಾಯಿಯ ಹಾಸಿಗೆಯನ್ನು ಬಾಗಿಲ ಬದಿಗೆ ಬಿಡಿಸಿದ. ಆ ರಾತ್ರಿ ಮಳೆ ಬರಲಿಲ್ಲ. ನಮ್ಮ ಮನೆಯವರು ಮೊಮ್ಮಗಳನ್ನು ತಬ್ಬಿಕೊಂಡು ಬೆಳಗಿನವರೆಗೆ ನಿದ್ರಿಸಿದರು.